ಅಮೆರಿಕ ಕಟ್ಟಿದ್ದು ಫ್ರೀಮೇಸನ್ನರಾ?

ತಿಪಟೂರು ಮಂಜ:
ನಿನ್ನೆ ರಾತ್ರಿ ಒಂದು ವಿಡಿಯೊ ನೋಡಿ ನಿದ್ದೆ ಹೋಯ್ತು. ಒಂದು ಡಾಲರ್ ನೋಟಿನ ಹಿಂದೆ ಪಿರಮಿಡ್ಡು, ಅದರ ತುದಿಯಲ್ಲೊಂದು ಕಣ್ಣು ಇದೆಯಲ್ಲ, ಅದು ಫ್ರೀಮೇಸನ್ನರ ಗುರುತಂತೆ. ಈ ಗುಟ್ಟಿನ ಸಂಘದವರೇ ಕೂತು ಅಮೆರಿಕ ಅನ್ನೋ ದೇಶ ಹುಟ್ಟಿಸಿದರಂತೆ. ವಾಷಿಂಗ್ಟನ್ನೂ ಮೇಸನ್, ಫ್ರಾಂಕ್ಲಿನ್ನೂ ಮೇಸನ್. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?

ಹಳೇ ಪುಟ:
ಮಂಜಣ್ಣ, ಅವರಿಬ್ಬರೂ ಮೇಸನ್ನರು ಅನ್ನೋದು ನಿಜ. ಫ್ರಾಂಕ್ಲಿನ್ 1734ರಲ್ಲೇ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಮಾಸ್ಟರ್, ಅಂದರೆ ಅಲ್ಲಿನ ಮೇಸನ್ನರ ಮುಖ್ಯಸ್ಥ. ವಾಷಿಂಗ್ಟನ್ ಇನ್ನೂ ಇಪ್ಪತ್ತರ ಹುಡುಗ, 1752ರಲ್ಲಿ ಫ್ರೆಡೆರಿಕ್ಸ್‌ಬರ್ಗ್ ಲಾಡ್ಜ್ ಸೇರಿದ (ಲಾಡ್ಜ್ ಅಂದರೆ ಹೋಟೆಲ್ಲಲ್ಲ, ಮೇಸನ್ನರ ಊರಿನ ಶಾಖೆ). ಕಣ್ಣಿನ ಕಥೆ ಮಾತ್ರ ಬೇರೆ. ದೇಶಕ್ಕೊಂದು ಮುದ್ರೆ ಬೇಕು ಅಂತ 1776ರಲ್ಲಿ ಮಾಡಿದ ಸಮಿತಿಯಲ್ಲಿ ಇದ್ದದ್ದು ಫ್ರಾಂಕ್ಲಿನ್, ಜೆಫರ್ಸನ್, ಜಾನ್ ಆಡಮ್ಸ್. ಮೂವರಲ್ಲಿ ಮೇಸನ್ ಫ್ರಾಂಕ್ಲಿನ್ ಒಬ್ಬನೇ. ಅವನು ಕೇಳಿದ್ದು ಕಣ್ಣಲ್ಲ, ಮೋಶೆ ನಿಂತಿರೋ, ಫರೋಹನ ಸೈನ್ಯ ಕೆಂಪು ಸಮುದ್ರದಲ್ಲಿ ಮುಳುಗೋ ಚಿತ್ರ! ಕಣ್ಣು ಬರೆದವನು ಅವರು ಕರೆಸಿಕೊಂಡ ಚಿತ್ರಗಾರ ಡು ಸಿಮಿಟಿಯೇರ್. ದೇವರ ಕಣ್ಣು ಯುರೋಪಿನ ಕ್ರೈಸ್ತ ಚಿತ್ರಗಳಲ್ಲಿ ಅದಕ್ಕೂ ಎಷ್ಟೋ ಮುಂಚಿನಿಂದ ಇದೆ. ಆ ಮುದ್ರೆ ಡಾಲರ್ ನೋಟಿನ ಮೇಲೆ ಬಂದದ್ದಂತೂ 1935ರಲ್ಲಿ.

ತಿಪಟೂರು ಮಂಜ:
1935ರಲ್ಲಿ ಹಾಕಿಸಿದ್ದು ಯಾರು ಸಾರ್? ಆಗಿನ ಅಧ್ಯಕ್ಷ ರೂಸ್‌ವೆಲ್ಟ್. ಮೇಸನ್. ಸಲಹೆ ಕೊಟ್ಟ ಮಂತ್ರಿ ಹೆನ್ರಿ ವ್ಯಾಲೇಸ್. ಅವನೂ ಮೇಸನ್. ಈಗ ಏನಂತೀರಿ?

ಹಳೇ ಪುಟ:
ಮಗುವಿಗೆ ನೂರೈವತ್ತು ವರ್ಷ ಆದ ಮೇಲೆ ಅಂಗಿ ಹೊಲಿಸಿದವನು ಹೆತ್ತಪ್ಪ ಆಗಲ್ಲ ಕಣಣ್ಣ. ತಲೆ ಎಣಿಸೋಣ ಬನ್ನಿ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು 56 ಜನ, ದಾಖಲೆ ಗಟ್ಟಿಯಿರೋ ಮೇಸನ್ನರು ಸುಮಾರು ಒಂಬತ್ತು. ಸಂವಿಧಾನದ 39 ಸಹಿಗಳಲ್ಲಿ 13. ಘೋಷಣೆ ಬರೆದ ಜೆಫರ್ಸನ್ ಮೇಸನ್ನರ ಸಂಘದ ಹತ್ತಿರವೂ ಸುಳಿಯಲಿಲ್ಲ. ವಾಷಿಂಗ್ಟನ್ನೇ 1798ರ ಪತ್ರದಲ್ಲಿ, ಮೂವತ್ತು ವರ್ಷಗಳಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಲಾಡ್ಜಿಗೆ ಕಾಲಿಟ್ಟಿಲ್ಲ ಅಂತ ಬರೆದಿದ್ದಾನೆ.

ಕರಾವಳಿ ಕಾಕ:
ಹಳೇ ಪುಟದವರೇ, ನೀವು ಪೂರ್ತಿ ಗುಡಿಸಿ ಹಾಕ್ತಾ ಇದ್ದೀರಿ. ಬಾಸ್ಟನ್ನಿನ ಗ್ರೀನ್ ಡ್ರ್ಯಾಗನ್ ಹೆಂಡದಂಗಡಿ ಸೇಂಟ್ ಆಂಡ್ರ್ಯೂಸ್ ಲಾಡ್ಜಿನದೇ ಸ್ವತ್ತು. ಬ್ರಿಟಿಷರ ವಿರುದ್ಧ ಮಾತುಕತೆ ನಡೀತಿದ್ದ ಜಾಗವೂ ಅದೇ. ಆ ಹೋರಾಟದ ಮುಂದಾಳುಗಳಾದ ಜೋಸೆಫ್ ವಾರೆನ್, ಪಾಲ್ ರಿವಿಯರ್ ಇಬ್ಬರೂ ಆ ಲಾಡ್ಜಿನವರು. ಚಹಾ ಪೆಟ್ಟಿಗೆಗಳನ್ನ ಸಮುದ್ರಕ್ಕೆ ಎಸೆದ 1773ರ ಡಿಸೆಂಬರ್ 16ರ ರಾತ್ರಿ, ಬಂದವರು ಕಡಿಮೆ ಅಂತ ಲಾಡ್ಜಿನ ಸಭೆ ಮುಂದೂಡಿದ್ದರು. ಮಿಕ್ಕವರು ಎಲ್ಲಿ ಹೋಗಿದ್ದರು ಅಂತ ನೀವೇ ಊಹಿಸಿ :) ಸಂಘ ಸಂಚು ಮಾಡಿತು ಅಂತ ನಾನೂ ಹೇಳಲ್ಲ, ರಾಜನ ಕಡೆಯವರಲ್ಲೂ ಬೇಕಾದಷ್ಟು ಮೇಸನ್ನರಿದ್ದರು. ಬೆನೆಡಿಕ್ಟ್ ಆರ್ನಾಲ್ಡ್, ಅಮೆರಿಕನ್ನರ ಬಾಯಲ್ಲಿ ದ್ರೋಹಿಗೆ ಇನ್ನೊಂದು ಹೆಸರು, ಅವನೂ ಮೇಸನ್ನೇ. ಆದರೆ ಬೇರೆ ಬೇರೆ ಕಸುಬಿನವರು ಒಂದು ಬಾಗಿಲು ಹಾಕಿಕೊಂಡು ಕೂತು, ಓಟು ಹಾಕಿ ಮುಖಂಡನನ್ನ ಆರಿಸೋ ಜಾಗ ಆ ಕಾಲದಲ್ಲಿ ಎಷ್ಟಿದ್ದವು?

ಸುಮಾ, ವರ್ಜೀನಿಯಾ:
ನಾನು ಅಲೆಕ್ಸಾಂಡ್ರಿಯಾ ಹತ್ತಿರ ಇರೋದು. ಇಲ್ಲಿ ವಾಷಿಂಗ್ಟನ್ ಹೆಸರಲ್ಲಿ ಮೇಸನ್ನರು ಕಟ್ಟಿಸಿದ ಸ್ಮಾರಕ ಇದೆ, 333 ಅಡಿ ಎತ್ತರ. ಊರಿಂದ ಬಂದಿದ್ದ ಅಪ್ಪನ್ನ ಕರಕೊಂಡು ಹೋಗಿದ್ದೆ. ಸಂಸತ್ ಭವನ ಕ್ಯಾಪಿಟಲ್‌ಗೆ 1793ರ ಸೆಪ್ಟೆಂಬರ್ 18ರಂದು ವಾಷಿಂಗ್ಟನ್ ಅಡಿಗಲ್ಲು ಹಾಕಿದನಲ್ಲ, ಆ ಕರಣೆ ಈ ಊರಿನ ಲಾಡ್ಜಿನವರ ಹತ್ತಿರವೇ ಇದೆ. ಬೆಳ್ಳಿಯ ಅಲಗು, ದಂತದ ಹಿಡಿ. ಅಪ್ಪ ನೋಡಿ, "ಇದರಲ್ಲಿ ಗಾರೆ ಕಲಸಿದರೆ ಮೇಸ್ತ್ರಿ ಬೈತಾನೆ" ಅಂದರು. ವಾಷಿಂಗ್ಟನ್ ಮೇಸನ್ನರ ಏಪ್ರನ್ ಕಟ್ಟಿಕೊಂಡೇ ಮೆರವಣಿಗೆಯಲ್ಲಿ ಬಂದಿದ್ದ. ಕಲ್ಲಿನ ಮೇಲೆ ಧಾನ್ಯ, ದ್ರಾಕ್ಷಾರಸ, ಎಣ್ಣೆ ಇಟ್ಟರು. ನಮ್ಮ ಗುದ್ದಲಿ ಪೂಜೆ ಥರಾನೇ, ಊಟ ಮಾತ್ರ ಬೇರೆ: ಐನೂರು ಪೌಂಡಿನ ಎತ್ತನ್ನ ಸುಟ್ಟು ತಿಂದರಂತೆ. ತಮಾಷೆ ಏನು ಗೊತ್ತಾ, ಅಷ್ಟು ಸಂಭ್ರಮದಲ್ಲಿ ಇಟ್ಟ ಆ ಕಲ್ಲು ಈಗ ಎಲ್ಲಿದೆ ಅಂತ ಹುಡುಕಿದರೂ ಸಿಕ್ಕಿಲ್ಲ.

ಗಾರೆ ಕೆಲಸದವನ ಮಗ:
ಬೆಳ್ಳಿ ಕರಣೆಯವನು ಒಂದು ದಿನ ಬಂದು ಹೋದ ಅಕ್ಕ. ಆಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು? ವರ್ಜೀನಿಯಾದ ಅಕ್ವಿಯಾ ಕ್ವಾರಿಯಲ್ಲಿ ಕಲ್ಲು ಎಬ್ಬಿಸಿದವರಲ್ಲಿ, ಮರ ಕೊಯ್ದವರಲ್ಲಿ ಎಷ್ಟೋ ಜನ ಗುಲಾಮರು. ಅವರ ಕೂಲಿ ಎಣಿಸಿಕೊಂಡವರು ಧಣಿಗಳು. ಹೆಸರಿಗೆ 'ಫ್ರೀ' ಮೇಸನ್!

ಕರಾವಳಿ ಕಾಕ:
ನೀವು ಹೇಳಿದ್ದಕ್ಕೆ ಪ್ರಿನ್ಸ್ ಹಾಲ್ ನೆನಪಾದ. ಬಾಸ್ಟನ್ನಿನ ಸ್ವತಂತ್ರ ಕರಿಯ, ಚರ್ಮದ ಕೆಲಸದವನು. ಊರಿನ ಬಿಳಿಯರ ಲಾಡ್ಜುಗಳು ಬಾಗಿಲು ತೆರೆಯಲಿಲ್ಲ. 1775ರಲ್ಲಿ ಅವನನ್ನೂ ಇನ್ನೂ ಹದಿನಾಲ್ಕು ಜನರನ್ನೂ ಸೇರಿಸಿಕೊಂಡದ್ದು ಬ್ರಿಟಿಷ್ ಸೈನ್ಯದ ಲಾಡ್ಜ್! 1777ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಗುಲಾಮಗಿರಿ ತೆಗೀರಿ ಅಂತ ಹೋದ ಅರ್ಜಿಯಲ್ಲಿ ಅವನ ಸಹಿ ಇದೆ. 1784ರಲ್ಲಿ ತನ್ನ ಲಾಡ್ಜಿಗೆ ಸನ್ನದು ಬೇಕಾದಾಗ ಅದನ್ನೂ ತರಿಸಿಕೊಂಡದ್ದು ಲಂಡನ್ನಿಂದ. ಸ್ವಾತಂತ್ರ್ಯ ಬಂದ ಮೇಲೆ.

ತಿಪಟೂರು ಮಂಜ:
ಒಂದು ಗಂಟೆಯ ವಿಡಿಯೊದಲ್ಲಿ ಈ ಮನುಷ್ಯನ ಹೆಸರೇ ಬರಲಿಲ್ಲ ನೋಡಿ. ಆದರೂ ಹಳೇ ಪುಟ ಸಾರ್, ವ್ಯಾಲೇಸ್ ವಿಷಯಕ್ಕೆ ಅಂಗಿ ಪಂಗಿ ಅಂತ ಜಾರಿಕೊಂಡಿರಿ. ಅದನ್ನ ನಾನು ಬಿಡಲ್ಲ.