ಬ್ಲ್ಯಾಕ್-ಥ್ರ್ಯಾಶ್ ಗಿಟಾರ್: ಗೇನ್ ಏರಿಸಿದಷ್ಟೂ ರಿಫ್ ಮುಳುಗ್ತಿದೆ

ಕರಿತಂತಿ:
ಬ್ಲ್ಯಾಕ್ ಮೆಟಲ್, ಥ್ರ್ಯಾಶ್ ಮೆಟಲ್ ಎರಡೂ ಬೆರೆತ ಹಾಡು ರೆಕಾರ್ಡ್ ಮಾಡ್ತಿದ್ದೀನಿ. 1984ರ ಬ್ಯಾಥೊರಿ, ಸೋಡಮ್ ಬ್ಯಾಂಡ್‌ಗಳ ಕಾಲದ ಒರಟು ಸದ್ದು ಬೇಕು. ಹಾಡಿನ ವೇಗ 200 ಬಿಪಿಎಂ (ನಿಮಿಷಕ್ಕೆ 200 ಎಣಿಕೆ). ರ‍್ಯಾಟ್ ಪೆಡಲ್‌ನಲ್ಲಿ ಡಿಸ್ಟಾರ್ಷನ್ (ಸದ್ದು ಒಡೆಯುವ ಗೇನ್) ಪೂರ್ತಿ, ಆಂಪ್‌ನಲ್ಲಿ ಮಿಡ್ (ನಡು ಆವರ್ತನಗಳು) ಸೊನ್ನೆ, ಎಡಕ್ಕೊಂದು ಬಲಕ್ಕೊಂದು ಟ್ರ್ಯಾಕ್. ಗಿಟಾರ್ ಒಂದನ್ನೇ ಕೇಳಿದ್ರೆ ಭಯಂಕರ. ಡ್ರಮ್ಸ್ ಸೇರಿದ ಕೂಡಲೇ ರಿಫ್ (ಮತ್ತೆಮತ್ತೆ ಬರುವ ಗಿಟಾರ್ ತುಣುಕು) ಹೋಗಿ ಬರೀ ಜೇನುಗೂಡಿನ ಸದ್ದು. ಕೊನೆಗೆ ಎಲ್ಲವನ್ನೂ ಲೋ-ಫೈ (ಬೇಕಂತಲೇ ಕಳಪೆ ರೆಕಾರ್ಡಿಂಗ್ ಥರ) ಮಾಡಿಬಿಟ್ರೆ ಸರಿಹೋಗುತ್ತಾ?

ಹಳೇಆಂಪ್:
ಬೇಡ, ಇನ್ನೂ ಕೆಡುತ್ತೆ. ಬ್ಯಾಥೊರಿಯ ಮೊದಲ ಆಲ್ಬಂ ಗ್ಯಾರೇಜ್ ಸ್ಟುಡಿಯೋದಲ್ಲಿ ಆಗಿದ್ದು. ಆ ಒರಟುತನ ಸಲಕರಣೆಯದು, ಬೇಕಂತಲೇ ಬಳಿದದ್ದಲ್ಲ.

ನಿಮ್ಮ ತೊಂದರೆ ಮಿಡ್‌ನಲ್ಲಿದೆ. ಅದನ್ನು ತೆಗೆದ್ರೆ ಉಳಿಯೋದು ತಳದ ಗುಂಯ್, ಮೇಲಿನ ಸುಯ್. ತಳದಲ್ಲಿ ಕಿಕ್ ಡ್ರಮ್ ಮತ್ತು ಬೇಸ್ ಗಿಟಾರ್, ಮೇಲೆ ಸಿಂಬಲ್ ಆಗಲೇ ಕೂತಿವೆ. ಆಂಪ್‌ನಲ್ಲಿ ಮಿಡ್ 6–7, ಬೇಸ್ 3, ಟ್ರೆಬಲ್ 6ರಿಂದ ಶುರು ಮಾಡಿ. ರೆಕಾರ್ಡ್ ಆದ ಟ್ರ್ಯಾಕ್‌ನಲ್ಲಿ 100 ಹರ್ಟ್ಸ್ ಕೆಳಗಿನದ್ದು ಕತ್ತರಿಸಿ.

ಡಿಸ್ಟಾರ್ಷನ್ ಅರ್ಧಕ್ಕಿಂತ ಕಡಿಮೆ ಸಾಕು. 200 ಬಿಪಿಎಂನಲ್ಲಿ ಹದಿನಾರನೇ ನೋಟ್ (ಎಣಿಕೆಗೆ ನಾಲ್ಕು ಹೊಡೆತ) ಅಂದ್ರೆ ಹೊಡೆತಕ್ಕೆ 75 ಮಿಲಿಸೆಕೆಂಡ್. ಗೇನ್ ಜಾಸ್ತಿಯಾದ್ರೆ ಸದ್ದು ಕಂಪ್ರೆಸ್ ಆಗಿ ಪಿಕ್ ತಾಗಿದ 'ಟಿಕ್' ಅಳಿಸಿಹೋಗುತ್ತೆ, ಒಂದು ಹೊಡೆತ ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ. ದಪ್ಪ ತಂತಿಯನ್ನು ಪಾಮ್ ಮ್ಯೂಟ್ ಮಾಡಿ (ಅಂಗೈ ಅಂಚು ಒತ್ತಿ ನುಡಿಸಿ) ನೋಡಿ: 'ಜುಗ್ ಜುಗ್' ಅಂತ ಬಿಡಿಬಿಡಿಯಾಗಿ ಕೇಳ್ಬೇಕು. 'ಜೂಂ' ಅಂದ್ರೆ ಇನ್ನೂ ಇಳಿಸಿ. ಅಂದಹಾಗೆ, ರ‍್ಯಾಟ್‌ನ ಫಿಲ್ಟರ್ ನಾಬ್ ಉಲ್ಟಾ. ಬಲಕ್ಕೆ ತಿರುಗಿಸಿದಷ್ಟೂ ಮಂಕು.

ದುಮ್‌ಟಾ:
ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ, ಆದ್ರೆ ಗಿಟಾರ್ ಒಂದನ್ನೇ ಬೈಯೋದು ಅನ್ಯಾಯ. ಡ್ರಮ್ಸ್ ಪೂರ್ತಿ ಬ್ಲಾಸ್ಟ್ ಬೀಟ್ (ಎಡೆಬಿಡದ ಅತಿವೇಗದ ಬಡಿತ) ಆಗಿದ್ರೆ ಥ್ರ್ಯಾಶ್ ರಿಫ್‌ಗೆ ಉಸಿರಾಡೋಕೆ ಜಾಗ ಎಲ್ಲಿ? ಸ್ಕ್ಯಾಂಕ್ ಬೀಟ್ ಹಾಕಿ: ಎಣಿಕೆ ಮೇಲೆ ಕಿಕ್, ಎರಡು ಎಣಿಕೆಗಳ ನಡುವೆ ಸ್ನೇರ್. ಬ್ಲಾಸ್ಟ್ ಟ್ರೆಮೊಲೊ (ಒಂದೇ ಸ್ವರವನ್ನು ವೇಗವಾಗಿ ಮತ್ತೆಮತ್ತೆ ನುಡಿಸುವ) ಭಾಗಕ್ಕೆ ಮಾತ್ರ ಇರಲಿ. ಪ್ರೋಗ್ರಾಂ ಮಾಡಿದ ಡ್ರಮ್ಸ್ ಆದ್ರೆ ಪ್ರತಿ ಏಟನ್ನೂ ಸಾಫ್ಟ್‌ವೇರ್‌ನ ತಾಳದ ಗ್ರಿಡ್‌ಗೆ ಅಂಟಿಸಬೇಡಿ, ಟೈಪ್‌ರೈಟರ್ ಥರ ಕೇಳುತ್ತೆ. ಔರಾ ನ್ವಾರ್‌ನ 1996ರ 'ಬ್ಲ್ಯಾಕ್ ಥ್ರ್ಯಾಶ್ ಅಟ್ಯಾಕ್' ಆಲ್ಬಂ ಪಕ್ಕದಲ್ಲಿಟ್ಟು ಹೋಲಿಸಿ.

ಕರಿತಂತಿ:
ಮಿಡ್ ಏರಿಸಿದೆ, ರಿಫ್ ಎದ್ದು ಬಂತು. ಆದ್ರೆ ಈಗ ತೆಳುವಾಯ್ತು. ಎಚ್‌ಎಂ-2 ಪೆಡಲ್ ಸೇರಿಸಲಾ?

ಹಳೇಆಂಪ್:
ಎಲ್ಲಾ ನಾಬ್ ತುದಿಗೆ ತಿರುಗಿಸಿದ ಎಚ್‌ಎಂ-2 ಸ್ವೀಡಿಷ್ ಡೆತ್ ಮೆಟಲ್‌ನ ಗರಗಸದಂಥ ಸದ್ದು. ಬೇರೆ ಮನೆ ಅದು.

ನಿಮಗೆ ಬೇಕಾದ ದಪ್ಪತನ ಬೇಸ್ ಗಿಟಾರ್‌ನಿಂದ ಬರಲಿ. ವೆನಮ್ ಬ್ಯಾಂಡ್‌ನಲ್ಲಿ ಕ್ರೋನೋಸ್‌ನ ಬೇಸ್ ಎಷ್ಟು ಕೊಳಕಾಗಿದೆ ಕೇಳಿ. ಬೇಸ್ ಟ್ರ್ಯಾಕನ್ನು ನಕಲು ಮಾಡಿ, ಒಂದರಲ್ಲಿ 200 ಹರ್ಟ್ಸ್ ಕೆಳಗಿನದ್ದನ್ನು ಮಾತ್ರ ಕ್ಲೀನ್ ಆಗಿ ಉಳಿಸಿ, ಇನ್ನೊಂದರಲ್ಲಿ ಮೇಲಿನದ್ದಕ್ಕೆ ಡಿಸ್ಟಾರ್ಷನ್ ಕೊಡಿ. ಎರಡನ್ನೂ ಕೂಡಿಸಿದಾಗ ತಳ ಮಾಯವಾದ್ರೆ ಒಂದರ ಫೇಸ್ (ಅಲೆಯ ಮೇಲು-ಕೆಳಗು) ತಿರುಗಿಸಿ ನೋಡಿ. ಬಲಗಡೆಯ ಗಿಟಾರ್ ಎಡದ್ದರ ಕಾಪಿ-ಪೇಸ್ಟ್ ಆಗಿದ್ರೂ ತೆಳುವೇ. ಎರಡನೇ ಸಲ ನುಡಿಸಲೇಬೇಕು.

ದುಮ್‌ಟಾ:
ಹಾಡುವ ದನಿಗೆ ಉದ್ದ ರಿವರ್ಬ್ (ಗುಹೆಯಂಥ ಗುಂಗು) ಸುರಿಯೋ ಮುಂಚೆ 150 ಮಿಲಿಸೆಕೆಂಡ್ ಡಿಲೇ, ಒಂದೇ ಮಾರ್ದನಿ ಇಟ್ಟು ನೋಡಿ. 200 ಬಿಪಿಎಂನಲ್ಲಿ ಅದು ಸರಿಯಾಗಿ ಎಂಟನೇ ನೋಟ್, ಹಾಗಾಗಿ ಸ್ನೇರ್ ಜೊತೆಗೇ ಬೀಳುತ್ತೆ, ರಿಫ್ ಮುಚ್ಚಿಹೋಗಲ್ಲ.