ನಮ್ಮ ವಾರ್ಡಿನ ಚರಂಡಿ ತುಂಡು ಗುತ್ತಿಗೆ: ಸದಸ್ಯರ ಹಿತಾಸಕ್ತಿ ಪ್ರಶ್ನೆ, ಮುಂದೇನು ಮಾಡೋಣ?

ಅಡ್ಮಿನ್:
ಎಲ್ಲರಿಗೂ ನಮಸ್ಕಾರ. 2ನೇ ಕ್ರಾಸಿನಿಂದ ಪಾರ್ಕ್ ಮೂಲೆವರೆಗಿನ ಚರಂಡಿ ಕೆಲಸ ಐದು ತುಂಡಾಗಿದೆ, ಒಂದೊಂದರ ಅಂದಾಜು 4.9 ಲಕ್ಷ. ಐದೂ ಒಂದೇ ಏಜೆನ್ಸಿಗೆ ಹೋಗಿದೆ. ಅದು ವಾರ್ಡ್ ಸದಸ್ಯರ ಭಾವಮೈದುನರದ್ದು ಅಂತ ಎಲ್ಲರ ಬಾಯಲ್ಲೂ ಇದೆ. ಧರಣಿ ಅಂತ ಕೆಲವರು ಹೇಳ್ತಿದ್ದಾರೆ. ಅದಕ್ಕೆ ಮುಂಚೆ ಕಾಗದದ ಮೇಲೆ ಯಾವುದು ನಿಲ್ಲುತ್ತೆ, ಯಾವುದು ನಿಲ್ಲಲ್ಲ ಅಂತ ತಿಳಿದವರು ಬರೀರಿ. ಫಾರ್ವರ್ಡ್ ಬೇಡ. ಸದಸ್ಯರ ಹೆಸರು, ಏಜೆನ್ಸಿ ಹೆಸರು ಗುಂಪಲ್ಲಿ ಹಾಕಬೇಡಿ.

ಪಾರ್ಕ್ ಎದುರು ಮನೆ:
ಇದರಲ್ಲಿ ತಿಳ್ಕೊಳ್ಳೋದು ಏನಿದೆ ಸಾರ್? ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಸದಸ್ಯತ್ವ ರದ್ದು ಮಾಡಿಸಿ ಅಂತ ಡಿಸಿಗೆ ಬರೆದು ನೂರು ಸಹಿ ಹಾಕಿಸೋಣ.

4ನೇ ಕ್ರಾಸ್ ಲಾಯರ್ ಮೇಡಂ:
ನೂರಲ್ಲ, ಸಾವಿರ ಸಹಿ ಹಾಕಿಸಿದರೂ ಅಷ್ಟಕ್ಕೇ ರದ್ದಾಗಲ್ಲ. ಕರ್ನಾಟಕ ಪುರಸಭೆಗಳ ಅಧಿನಿಯಮ 1964ರ 16ನೇ ಸೆಕ್ಷನ್ ಅನರ್ಹತೆಯ ಪಟ್ಟಿ ಕೊಡುತ್ತೆ. ಪುರಸಭೆ/ನಗರಸಭೆಯ ಕಾಮಗಾರಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ, ತಾನೇ ಅಥವಾ ಪಾಲುದಾರನ ಮೂಲಕ, ಪಾಲು ಅಥವಾ ಹಿತಾಸಕ್ತಿ ಇದ್ದರೆ ಅದು ಅನರ್ಹತೆ. ಇದರಲ್ಲಿ ‘ಭಾವಮೈದುನ’ ಎಲ್ಲೂ ಬರಲ್ಲ. 1966ರಲ್ಲಿ ಗುಲಾಮ್ ಯಾಸೀನ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಮಗ ಪುರಸಭೆ ನೌಕರ ಅನ್ನೋ ಒಂದೇ ಕಾರಣಕ್ಕೆ ಆ ನೌಕರಿಯಲ್ಲಿ ತಂದೆಗೆ ಹಿತಾಸಕ್ತಿ ಇದೆ ಅಂತ ಊಹಿಸೋಕಾಗಲ್ಲ. ಅದು ಬೇರೆ ಪ್ರಾಂತ್ಯದ ಕಾಯ್ದೆಯ ಕೇಸು, ಆದರೆ ನಮ್ಮ ಸದಸ್ಯರ ವಕೀಲರು ಮೊದಲು ಎತ್ತೋದು ಅದನ್ನೇ. ನಂಟು ಎಲ್ಲರಿಗೂ ಗೊತ್ತು. ನಾವು ತೋರಿಸಬೇಕಾದ್ದು ಗಂಟು.

1ನೇ ಕ್ರಾಸ್ ಮೇಷ್ಟ್ರು:
ಹಾಗಾದ್ರೆ ಮೇಡಂ, ಭಾವಮೈದುನನ ಹೆಸರಲ್ಲಿ ಲೈಸೆನ್ಸ್ ಇಟ್ಕೊಂಡು ಏನು ಬೇಕಾದ್ರೂ ಮಾಡಬಹುದಾ?

4ನೇ ಕ್ರಾಸ್ ಲಾಯರ್ ಮೇಡಂ:
ಇಲ್ಲ ಮೇಷ್ಟ್ರೇ. ‘ಪರೋಕ್ಷ’ ಅನ್ನೋ ಮಾತು ಇರೋದೇ ಅದಕ್ಕೆ. ಹೆಸರು ಅವರದ್ದು, ಬಂಡವಾಳವೋ ಲಾಭವೋ ಇವರದ್ದು ಅಂತ ದಾಖಲೆ ಸಿಕ್ಕಿದರೆ ಸಂಬಂಧಿಕರ ಹೆಸರು ಅಡ್ಡ ಬರಲ್ಲ. ದಾಖಲೆ ಎಲ್ಲಿ ಹುಡುಕಬೇಕು ಅಂತ ಆಡಿಟರ್ ಸಾರ್ ಹೇಳಲಿ.

ಡಿ ಬ್ಲಾಕ್ ಆಡಿಟರ್:
ಮೊದಲು ಜಿಎಸ್‌ಟಿ ಪೋರ್ಟಲ್. ಬಿಲ್‌ನಲ್ಲೋ ಕಾರ್ಯಾದೇಶದಲ್ಲೋ ಇರುವ ಜಿಎಸ್‌ಟಿ ನಂಬರ್ ಹಾಕಿದರೆ ವ್ಯಾಪಾರದ ಹೆಸರು, ಕಾನೂನುಬದ್ಧ ಹೆಸರು, ನೋಂದಣಿ ದಿನಾಂಕ, ಅದು ಪ್ರೊಪ್ರೈಟರಿಯೋ ಪಾರ್ಟ್ನರ್‌ಶಿಪ್ಪೋ ಎಲ್ಲ ಬರುತ್ತೆ. ಪ್ರೊಪ್ರೈಟರಿ ಆದರೆ ಕಾನೂನುಬದ್ಧ ಹೆಸರಿನ ಜಾಗದಲ್ಲಿ ಮಾಲೀಕರ ಹೆಸರೇ ಇರುತ್ತೆ. ನೋಂದಣಿ ದಿನಾಂಕ ಗಮನಿಸಿ. ಚುನಾವಣೆ ಫಲಿತಾಂಶದ ನಂತರ ಹುಟ್ಟಿದ ಏಜೆನ್ಸಿ ಆಗಿದ್ದರೆ ಅದೊಂದು ಸುಳಿವು ಅಷ್ಟೇ, ಪುರಾವೆ ಅಲ್ಲ.

ಪಾರ್ಟ್ನರ್‌ಶಿಪ್ ಆದರೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಿ. ನೋಂದಾಯಿತ ಫರ್ಮ್‌ಗಳ ರಿಜಿಸ್ಟರನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, 1932ರ ಪಾಲುದಾರಿಕೆ ಕಾಯ್ದೆಯ 66ನೇ ಸೆಕ್ಷನ್. ಯಾರು ಯಾವತ್ತು ಒಳಬಂದರು, ಯಾವತ್ತು ಹೊರಹೋದರು ಅನ್ನೋದು ಅಲ್ಲೇ ಸಿಗುತ್ತೆ. ನಾಮಪತ್ರ ಹಾಕೋ ತಿಂಗಳಲ್ಲಿ ಗಂಡ ಹೊರಗೆ, ಹೆಂಡತಿ ಒಳಗೆ ಅನ್ನೋ ಥರ ಬದಲಾವಣೆ ಕಂಡರೆ ಆ ಪುಟದ ದೃಢೀಕೃತ ನಕಲು ತಗೊಳ್ಳಿ.

ಜನ ಮರೆಯೋದು ಇ.ಸಿ., ಅಂದ್ರೆ ಆಸ್ತಿಯ ಋಣಭಾರ ಪ್ರಮಾಣಪತ್ರ. ಗುತ್ತಿಗೆದಾರರಿಗೆ ಬ್ಯಾಂಕ್ ಸಾಲ ಬೇಕು, ಸಾಲಕ್ಕೆ ಅಡಮಾನ ಬೇಕು. ಸದಸ್ಯರ ಸೈಟೋ ಕಟ್ಟಡವೋ ಏಜೆನ್ಸಿಯ ಸಾಲಕ್ಕೆ ಅಡಮಾನ ಆಗಿ ನೋಂದಣಿ ಆಗಿದ್ದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆದ ಇ.ಸಿ.ಯಲ್ಲಿ (ಫಾರ್ಮ್ 15) ಬ್ಯಾಂಕ್ ಹೆಸರಿನ ಜತೆ ಕಾಣುತ್ತೆ. ಅಂಥ ಒಂದು ಸಾಲು ಸಿಕ್ಕಿದರೆ ‘ನನಗೂ ಅವನ ವ್ಯವಹಾರಕ್ಕೂ ಸಂಬಂಧ ಇಲ್ಲ’ ಅನ್ನೋದು ಕಷ್ಟ. ನಾಮಪತ್ರದ ಜತೆ ಕೊಟ್ಟ ಆಸ್ತಿ-ಸಾಲದ ಪ್ರಮಾಣಪತ್ರವನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಏಜೆನ್ಸಿಗೆ ಕೈಗಡ ಕೊಟ್ಟಿದ್ದು ಅಲ್ಲಿ ‘ಬರಬೇಕಾದ ಸಾಲ’ ಅಂತ ಕೂತಿರಬಹುದು. ಟಿಪ್ಪರ್, ಜೆಸಿಬಿ ನಂಬರ್ ಹಿಡಿದು ಮಾಲೀಕರನ್ನ ಹುಡುಕೋ ದಾರಿ ಬಿಡಿ, ಪೋರ್ಟಲ್‌ನಲ್ಲಿ ಹೆಸರಿನ ಅಕ್ಷರ ಮುಚ್ಚಿ ತೋರಿಸ್ತಾರೆ.

ನಿವೃತ್ತ ಎಇಇ, 3ನೇ ಕ್ರಾಸ್:
ಹಿತಾಸಕ್ತಿ ಸಾಬೀತಾಗೋಕೆ ಸಮಯ ಬೇಕು. ತುಂಡು ಮಾಡಿದ್ದು ಈಗಲೇ ತೋರಿಸಬಹುದು. 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿ, ಕಾಮಗಾರಿಯಲ್ಲಿ ಪಾರದರ್ಶಕತೆಗಾಗಿ ಇರೋ ರಾಜ್ಯದ ಕಾಯ್ದೆ) 4ನೇ ಸೆಕ್ಷನ್ 5 ಲಕ್ಷ ಮೀರದ ನಿರ್ಮಾಣ ಕಾಮಗಾರಿಗೆ ಟೆಂಡರ್‌ನಿಂದ ವಿನಾಯಿತಿ ಕೊಡುತ್ತೆ. 4.9 ಬಂದದ್ದು ಅಲ್ಲಿಂದಲೇ. ಐದನ್ನೂ ಕೂಡಿಸಿದರೆ 24.5 ಲಕ್ಷ, ರಾಜ್ಯದ ಟೆಂಡರ್ ಪೋರ್ಟಲ್ ಕೆಪಿಪಿಪಿಯಲ್ಲಿ ಟೆಂಡರ್ ಕರೀಬೇಕಾಗಿತ್ತು.

ಐದು ಅಂದಾಜು ಪಟ್ಟಿ ತರಿಸಿ ಚೈನೇಜ್ ನೋಡಿ, ಅಂದ್ರೆ ಕೆಲಸ ಎಷ್ಟನೇ ಮೀಟರಿಂದ ಎಷ್ಟನೇ ಮೀಟರ್‌ವರೆಗೆ ಅನ್ನೋದು. ಮೊದಲನೆಯದು 0ಯಿಂದ 45 ಮೀಟರ್, ಎರಡನೆಯದು 45ರಿಂದ 90, ಹೀಗೆ ಕೊಂಡಿ ಕೊಂಡಿಯಾಗಿ ಹೋಗಿದ್ದು, ಅಡ್ಡಕೊಯ್ತದ ನಕ್ಷೆ ಒಂದೇ, ತಾಂತ್ರಿಕ ಮಂಜೂರಾತಿ ತಾರೀಕೂ ಒಂದೇ ಆಗಿದ್ದರೆ ಅದು ಒಂದೇ ಕಾಮಗಾರಿ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಆಮೇಲೆ ಕೊಟೇಷನ್‌ಗಳ ತುಲನಾತ್ಮಕ ಪಟ್ಟಿ. ಐದರಲ್ಲೂ ಅವೇ ಮೂರು ಹೆಸರು, ಸೋತ ಇಬ್ಬರ ದರ ಪ್ರತಿ ಸಲ ಒಂದೇ ಅಂತರದಲ್ಲಿ ಹೆಚ್ಚು ಅಂದ್ರೆ ಆ ಕಾಗದಗಳು ಒಂದೇ ಮೇಜಿನ ಮೇಲೆ ತಯಾರಾಗಿವೆ ಅಂತ ಅನುಮಾನ ಪಡೋದು ನ್ಯಾಯ.

2ನೇ ಕ್ರಾಸ್ ಕಾರ್ನರ್ ಮನೆ:
ಸಾರ್, ಗೋಡೆ ದಪ್ಪಾನೂ ಕಮ್ಮಿ ಹಾಕಿದ್ದಾರೆ. ನಮ್ಮನೆ ಮುಂದೆ ಟೇಪ್ ಹಿಡಿದ್ರೆ 120 ಎಂಎಂ ಬರ್ತಿದೆ. ಬೋರ್ಡ್‌ನಲ್ಲಿ 150 ಅಂತಿದೆ.

ನಿವೃತ್ತ ಎಇಇ, 3ನೇ ಕ್ರಾಸ್:
ಟೇಪ್ ಕಾಣೋ ಹಾಗೆ ಫೋಟೋ ತೆಗೆದಿಡಿ, ಪಕ್ಕದಲ್ಲಿ ಮನೆ ನಂಬರ್ ಬರಲಿ. ಸ್ಲ್ಯಾಬ್ ಮುಚ್ಚಿದ ಮೇಲೆ ಅಳೆಯೋಕಾಗಲ್ಲ. ಲೆಕ್ಕ ಹೀಗೆ: 45 ಮೀಟರ್ ಉದ್ದ, ಎರಡು ಗೋಡೆ, 0.6 ಮೀಟರ್ ಎತ್ತರ. 150 ಎಂಎಂ ಆದರೆ 8.1 ಘನ ಮೀಟರ್ ಕಾಂಕ್ರೀಟ್, 120 ಆದರೆ 6.48. ಒಂದು ತುಂಡಿಗೆ 1.62 ಘನ ಮೀಟರ್ ಕಮ್ಮಿ. ಎಂ-ಬುಕ್‌ನಲ್ಲಿ (ಅಳತೆ ಪುಸ್ತಕ) 0.15 ಅಂತ ಬರೆದು ಬಿಲ್ ಆಗಿದ್ದರೆ ಅಳತೆ ಬರೆದ ಜೆಇ (ಕಿರಿಯ ಎಂಜಿನಿಯರ್), ಅದನ್ನ ಮತ್ತೆ ಅಳೆದು ಚೆಕ್ ಮೆಷರ್‌ಮೆಂಟ್ ಮಾಡಿದ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಇಬ್ಬರೂ ಉತ್ತರ ಕೊಡಬೇಕು.

ಆದರೆ ಇದನ್ನ ಬೇರೆ ಅರ್ಜಿ ಮಾಡಿ. ಹಿತಾಸಕ್ತಿ, ತುಂಡು ಗುತ್ತಿಗೆ, ಕಳಪೆ ಕೆಲಸ ಎಲ್ಲವನ್ನೂ ಒಂದೇ ಅರ್ಜಿಗೆ ಸುರಿದರೆ ಕಚೇರಿಯವರು ಸುಲಭದ್ದಕ್ಕೆ ಮಾತ್ರ ಉತ್ತರ ಕೊಡ್ತಾರೆ. ಎರಡು ಕಡೆ ಸಿಮೆಂಟ್ ಬಳಿದು ‘ಸರಿಪಡಿಸಲಾಗಿದೆ’ ಅಂತ ಫೋಟೋ ಹಾಕಿ ಕಡತ ಮುಚ್ತಾರೆ.

1ನೇ ಕ್ರಾಸ್ ಮೇಷ್ಟ್ರು:
ಆರ್‌ಟಿಐ ನಾನು ಬರೀತೀನಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಅದಕ್ಕೇ ಎರಡು ಅರ್ಜಿ ಮಾಡ್ತೀನಿ, ತಲಾ 10 ರೂಪಾಯಿ. ಒಂದರಲ್ಲಿ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕೊಟೇಷನ್, ತುಲನಾತ್ಮಕ ಪಟ್ಟಿ, ಕಾರ್ಯಾದೇಶ, ಎಂ-ಬುಕ್, ಪಾವತಿ ವೋಚರ್. ಇನ್ನೊಂದರಲ್ಲಿ ಸಾಮಾನ್ಯ ಸಭೆ ಮತ್ತು ಸ್ಥಾಯಿ ಸಮಿತಿಯ ನಡವಳಿ, ಹಾಜರಿ ಪುಸ್ತಕ. ‘ಯಾಕೆ ಇವರಿಗೇ ಕೊಟ್ಟಿರಿ’ ಅಂತ ಕೇಳಲ್ಲ, ಕೇಳಿದರೆ ಅದು ಮಾಹಿತಿಯೇ ಅಲ್ಲ ಅಂತ ವಾಪಸ್ ಬರುತ್ತೆ.

4ನೇ ಕ್ರಾಸ್ ಲಾಯರ್ ಮೇಡಂ:
ನಡವಳಿ ತುಂಬಾ ಮುಖ್ಯ ಮೇಷ್ಟ್ರೇ. ‘ಕೊಟ್ಟಿದ್ದು ಪೌರಾಯುಕ್ತರು, ನನಗೇನು ಗೊತ್ತು’ ಅಂತ ಸದಸ್ಯರು ಹೇಳೇ ಹೇಳ್ತಾರೆ. ನಡವಳಿಯಲ್ಲಿ ಸೂಚಕರು, ಅನುಮೋದಕರು ಅಂತ ಎರಡು ಹೆಸರಿರುತ್ತೆ. ಈ ವಿಷಯಕ್ಕೆ ಸೂಚಕರು ಅವರೇ ಆಗಿದ್ದರೆ, ಅಥವಾ ದರ ಒಪ್ಪಿದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರೆ ಆ ಮಾತು ಅಲ್ಲಿಗೇ ಮುಗೀತು. ಸಂಬಂಧಿಕರ ವಿಷಯ ಬಂದಾಗ ಎದ್ದು ಹೊರಗೆ ಹೋದರೋ ಇಲ್ಲವೋ ಅನ್ನೋದೂ ಅಲ್ಲೇ ದಾಖಲಾಗಬೇಕು.

ಏಜೆನ್ಸಿ ಕಾಗದ ಕೇಳಿದಾಗ ಮಾಹಿತಿ ಅಧಿಕಾರಿ ಆರ್‌ಟಿಐ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅವರಿಗೆ ನೋಟಿಸ್ ಕೊಡಬಹುದು, ಆಗ 30ರ ಬದಲು 40 ದಿನ ಹಿಡಿಯುತ್ತೆ. ‘ವೈಯಕ್ತಿಕ ಮಾಹಿತಿ’ ಅಂತ ತಿರಸ್ಕರಿಸೋದೂ ಈಗ ಸಲೀಸು, 2023ರ ಡಿಜಿಟಲ್ ದತ್ತಾಂಶ ಕಾಯ್ದೆಯಿಂದ 8(1)(ಜೆ) ಬಿಗಿಯಾಗಿದೆ. ಅದಕ್ಕೆ ಪ್ಯಾನ್, ಬ್ಯಾಂಕ್ ಖಾತೆ, ಮನೆ ವಿಳಾಸ ಕೇಳಲೇಬೇಡಿ. ಅಂಥದ್ದನ್ನ ಮುಚ್ಚಿ ಉಳಿದದ್ದು ಕೊಡಿ ಅಂತ ನೀವೇ ಮೊದಲು ಬರೆದುಬಿಡಿ, 8(2)ರ ಸಾರ್ವಜನಿಕ ಹಿತಾಸಕ್ತಿಯನ್ನೂ ಉಲ್ಲೇಖಿಸಿ.

ಪಾರ್ಕ್ ಎದುರು ಮನೆ:
ಅಷ್ಟರಲ್ಲಿ ಐದು ಬಿಲ್ಲೂ ಪಾಸ್ ಆಗಿರುತ್ತೆ ಮೇಡಂ. ಟೆಂಡರ್ ಮೇಲ್ಮನವಿ ಅಂತ ಏನೋ ಇದೆಯಲ್ಲ?

4ನೇ ಕ್ರಾಸ್ ಲಾಯರ್ ಮೇಡಂ:
ಕೆಟಿಪಿಪಿ 16ನೇ ಸೆಕ್ಷನ್ ಮೇಲ್ಮನವಿ ಟೆಂಡರ್ ಹಾಕಿದವರಿಗೆ. ನಿವಾಸಿಗಳು ಹಾಕಿದರೆ ವಿಚಾರಣೆಗೇ ಬರಲ್ಲ, ಇಲ್ಲಂತೂ ಟೆಂಡರೇ ಆಗಿಲ್ಲ. ನಮಗೆ ಈಗ ಬೇಕಾದ್ದು ಪುರಸಭೆಗಳ ಅಧಿನಿಯಮದ 306ನೇ ಸೆಕ್ಷನ್. ನಿರ್ಣಯ ಅಥವಾ ಆದೇಶ ಕಾನೂನುಬಾಹಿರ ಅನ್ನಿಸಿದರೆ ಅದರ ಜಾರಿಯನ್ನು ಜಿಲ್ಲಾಧಿಕಾರಿ ಅಮಾನತಿನಲ್ಲಿಡಬಹುದು. ಅಂದಾಜು ಪಟ್ಟಿ ಕೈಗೆ ಬಂದ ದಿನವೇ ಚೈನೇಜ್ ಕೋಷ್ಟಕ ಲಗತ್ತಿಸಿ ಆ ಅರ್ಜಿ ಕೊಡೋಣ. ಅದರಲ್ಲಿ ಭಾವಮೈದುನನ ಸುದ್ದಿ ಒಂದು ಸಾಲಿಗಿಂತ ಹೆಚ್ಚು ಬೇಡ. ಅರ್ಜಿಯ ಒಂದು ನಕಲು ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೂ ಹೋಗಲಿ.

ಲೋಕಾಯುಕ್ತ ಆಮೇಲೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಭ್ರಷ್ಟಾಚಾರದ ಕೇಸುಗಳೂ ಅಲ್ಲಿಗೇ ಬಂದಿವೆ. ಆರೋಪಕ್ಕೆ ಐದು ವರ್ಷದ ಮಿತಿ ಇದೆ, ಗಾಬರಿ ಬೇಡ. ಆದರೆ ನಿಗದಿತ ನಮೂನೆ, ಜತೆಗೆ ಪ್ರಮಾಣಪತ್ರ ಕಡ್ಡಾಯ. ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ‘ಎಲ್ಲರ ಬಾಯಲ್ಲೂ ಇದೆ’ ಅನ್ನೋದನ್ನ ಪ್ರಮಾಣಪತ್ರದಲ್ಲಿ ಬರೆಯೋಕಾಗಲ್ಲ.

ಡಿ ಬ್ಲಾಕ್ ಆಡಿಟರ್:
ಒಂದು ಸೂಕ್ಷ್ಮ ವಿಷಯ, ಬೇಜಾರು ಮಾಡ್ಕೋಬೇಡಿ. ಅರ್ಜಿಗೆ ಸಹಿ ಹಾಕುವವರಲ್ಲಿ ಯಾರಾದರೂ ಬೇರೆ ಗುತ್ತಿಗೆದಾರರಿಗೆ ಮಾಲು ಕೊಡ್ತಿದ್ದರೆ, ಮುಂದಿನ ಚುನಾವಣೆಗೆ ಟಿಕೆಟ್ ಕೇಳ್ತಿದ್ದರೆ, ನಗರಸಭೆ ಜತೆ ಖಾತೆಯದ್ದೋ ಕಂದಾಯದ್ದೋ ಜಗಳ ಇದ್ದರೆ ಈಗಲೇ ಹೇಳಿಬಿಡಿ. ಇಲ್ಲಾಂದ್ರೆ ಅವರು ಕೆದಕ್ತಾರೆ, ಅರ್ಜಿ ಬಿಟ್ಟು ಅರ್ಜಿದಾರರ ಮೇಲೇ ಚರ್ಚೆ ಶುರುವಾಗುತ್ತೆ.

ಪಾರ್ಕ್ ಎದುರು ಮನೆ:
ನನ್ನನ್ನೇ ಕೇಳ್ತಿದ್ದೀರ ಅಂತ ಗೊತ್ತಾಯ್ತು ಸಾರ್. ಎಂ-ಸ್ಯಾಂಡ್ ಸಪ್ಲೈ ಇದೆ, ಇನ್ನೊಬ್ಬ ಕಂಟ್ರಾಕ್ಟರ್‌ಗೂ ಕೊಡ್ತೀನಿ. ಸಹಿ ಹಾಕಲ್ಲ. ಓಡಾಟಕ್ಕೆ ಗಾಡಿ ಕೊಡಬಹುದಾ?

4ನೇ ಕ್ರಾಸ್ ಲಾಯರ್ ಮೇಡಂ:
ಗಾಡಿಯೂ ಬೇಡ ಅಣ್ಣಾ. ಬಸ್ಸಲ್ಲೇ ಹೋಗ್ತೀವಿ.

ಅಡ್ಮಿನ್:
ಸರಿ. ಆರ್‌ಟಿಐ ಎರಡೂ ಮೇಷ್ಟ್ರು ಸೋಮವಾರ ಸ್ಪೀಡ್ ಪೋಸ್ಟಲ್ಲಿ ಹಾಕ್ತಾರೆ, ರಸೀದಿ ಫೋಟೋ ಇಲ್ಲಿ ಹಾಕಿ. ಜಿಎಸ್‌ಟಿ, ರಿಜಿಸ್ಟರ್ ಆಫ್ ಫರ್ಮ್ಸ್ ಆಡಿಟರ್ ಸಾರ್. ಕಾಂಕ್ರೀಟ್ ಅಳತೆ ಎಇಇ ಸಾರ್ ಜತೆ ಕಾರ್ನರ್ ಮನೆಯವರು. ನಾಲ್ಕನೇ ತುಂಡಿನ ಸ್ಲ್ಯಾಬ್ ನಾಳೆ ಮುಚ್ತಾರಂತೆ, ಅದನ್ನ ಇವತ್ತೇ ಅಳೀಬೇಕು.

ನಿವೃತ್ತ ಎಇಇ, 3ನೇ ಕ್ರಾಸ್:
ನಾಲ್ಕೂವರೆಗೆ ಬರ್ತೀನಿ. ಉದ್ದದ ಟೇಪ್ ಯಾರ ಹತ್ರ ಇದೆ? 30 ಮೀಟರಿನದ್ದು ಬೇಕು, ಟೈಲರ್ ಟೇಪ್ ತರಬೇಡಿ.