ಗುಂಪಿನಲ್ಲಿ ಬಾಳುವ ಜೇನಿಗೆ ರೋಗನಿರೋಧಕ ವಂಶವಾಹಿಗಳು ಕಡಿಮೆ ಏಕೆ?

ಪ್ರಶ್ನೆ – ತುಡುವೆ ಸಾಕುವವ:
1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ (ಜೇನಿನ ಮರಿಹುಳುಗಳನ್ನು ಕೊಲ್ಲುವ ಸೋಂಕು) ಹಬ್ಬಿದಾಗ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದುದನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಸಾವಿರಾರು ನೊಣಗಳು ಮೈಗೆ ಮೈ ತಾಗಿಸಿಕೊಂಡಿರುವ ಗೂಡಿನಲ್ಲಿ ಸೋಂಕು ಹರಡುವುದು ಸುಲಭವಾದ್ದರಿಂದ ಜೇನಿಗೆ ರೋಗನಿರೋಧಕ ವಂಶವಾಹಿಗಳು ಹೆಚ್ಚಿರಬೇಕಿತ್ತು. ಆದರೆ 2006ರಲ್ಲಿ ಯುರೋಪಿನ ಜೇನ್ನೊಣದ ಜೀನೋಮ್ (ಇಡೀ ವಂಶವಾಹಿ ಮಾಹಿತಿ) ಪ್ರಕಟವಾದಾಗ, ಅವು ಹಣ್ಣುನೊಣದಲ್ಲಿರುವುದರ ಸುಮಾರು ಮೂರನೇ ಒಂದು ಪಾಲಿನಷ್ಟೇ ಇವೆ ಎಂದು ತಿಳಿದುಬಂದಿತು. ಗುಂಪುಜೀವನವೇ ಅವುಗಳನ್ನು ಅನಗತ್ಯವಾಗಿಸಿತೇ?

ಉತ್ತರ 1 – ಕೀಟಶಾಸ್ತ್ರದ ವಿದ್ಯಾರ್ಥಿ:
ಮೊದಲು ಹಲವರು ಊಹಿಸಿದ್ದು ಹಾಗೆಯೇ. ಕೆಲಸಗಾರ ನೊಣಗಳು ರೋಗ ತಗುಲಿದ ಮರಿಹುಳುವಿನ ಕೋಶದ ಮುಚ್ಚಳ ಕಿತ್ತು, ಹುಳುವನ್ನು ಹೊರಗೆಳೆದು ಗೂಡಿನಾಚೆ ಹಾಕುವುದನ್ನು ನೀವೇ ಕಂಡಿರುತ್ತೀರಿ. ಇಂಥ ಸಾಮೂಹಿಕ ರಕ್ಷಣೆ ಇರುವಾಗ ದೇಹದೊಳಗಿನ ರಕ್ಷಣೆ ಸಡಿಲವಾಯಿತೆಂಬುದು ಆ ವಾದ. ಆದರೆ 2015ರಲ್ಲಿ ಬಂಬಲ್‌ಬೀಗಳ ಜೀನೋಮ್ ಓದಿದಾಗ, ಚಿಕ್ಕ ಗೂಡು ಕಟ್ಟುವ ಅವುಗಳಲ್ಲೂ, ಒಂಟಿಯಾಗಿ ಬಾಳುವ ಎಲೆಕತ್ತರಿ ಜೇನಿನಲ್ಲೂ ಈ ವಂಶವಾಹಿಗಳು ಹೆಚ್ಚುಕಡಿಮೆ ಅಷ್ಟೇ ಇರುವುದು ಕಂಡಿತು. ಅಂದರೆ ಈ ಕೊರತೆ ಸಂಘಜೀವನಕ್ಕಿಂತ ಹಳೆಯದು. ಸೂಕ್ಷ್ಮಜೀವಿಗಳು ತುಂಬಿದ ಕೊಳೆತ ಹಣ್ಣಿನಲ್ಲಿ ಬೆಳೆಯುವ ಹಣ್ಣುನೊಣವನ್ನು ಅಳತೆಗೋಲಾಗಿ ಹಿಡಿದದ್ದೇ ಗೊಂದಲಕ್ಕೆ ಕಾರಣವೆಂದು ನನ್ನ ಅನಿಸಿಕೆ.

ವಂಶವಾಹಿಗಳ ಸಂಖ್ಯೆಗಿಂತ ಅವುಗಳ ವೈವಿಧ್ಯ ಇಲ್ಲಿ ಮುಖ್ಯ. ಯುರೋಪಿನ ರಾಣಿಜೇನು ಸಾಮಾನ್ಯವಾಗಿ 10ರಿಂದ 20 ಗಂಡುಗಳನ್ನು ಕೂಡುತ್ತದೆ. ನಮ್ಮ ಹೆಜ್ಜೇನಿನ ರಾಣಿ ಅದಕ್ಕಿಂತಲೂ ಹೆಚ್ಚು. ಹೀಗಾಗಿ ಒಂದೇ ಗೂಡಿನ ಕೆಲಸಗಾರರಲ್ಲಿ ಹಲವು ತಂದೆಗಳ ಮಕ್ಕಳಿರುತ್ತಾರೆ. ಸಂಶೋಧಕರಾದ ಸೀಲಿ ಮತ್ತು ಟಾರ್ಪಿ 2007ರಲ್ಲಿ ತೋರಿಸಿದಂತೆ, ಒಂದೇ ಗಂಡಿನ ವೀರ್ಯ ಪಡೆದ ರಾಣಿಯ ಗೂಡುಗಳಿಗಿಂತ ಹಲವು ಗಂಡುಗಳ ವೀರ್ಯ ಪಡೆದ ರಾಣಿಯ ಗೂಡುಗಳಲ್ಲಿ ಅಮೆರಿಕನ್ ಫೌಲ್‌ಬ್ರೂಡ್ ಎಂಬ, ಮರಿಹುಳುಗಳಿಗೆ ತಗಲುವ ಬ್ಯಾಕ್ಟೀರಿಯಾ ರೋಗದ ತೀವ್ರತೆ ಕಡಿಮೆಯಿತ್ತು.

ಉತ್ತರ 2 – ಸಸ್ತನಿಗಳ ಆಸಕ್ತ:
ಸಸ್ತನಿಗಳಲ್ಲಿ ಕೂಡುವಿಕೆಯ ಪರಿಣಾಮವೂ ಗುಂಪಿನ ಪರಿಣಾಮವೂ ಬೇರೆಬೇರೆಯಾಗಿ ಕಾಣುತ್ತವೆ. ಸಂಶೋಧಕ ನನ್ ಮತ್ತು ಸಂಗಡಿಗರು 2000ದಲ್ಲಿ 41 ವಾನರ ಪ್ರಭೇದಗಳನ್ನು ಹೋಲಿಸಿದಾಗ, ಹೆಣ್ಣು ಹೆಚ್ಚು ಗಂಡುಗಳನ್ನು ಕೂಡುವ ಪ್ರಭೇದಗಳಲ್ಲಿ ಬಿಳಿ ರಕ್ತಕಣಗಳು ಹೆಚ್ಚಿದ್ದವು; ಗುಂಪಿನ ಗಾತ್ರಕ್ಕೆ ಅಂಥ ನಂಟು ಕಾಣಲಿಲ್ಲ. ಹಾಗೆಂದು ಗುಂಪುಜೀವನವನ್ನು ತಳ್ಳಿಹಾಕುವಂತಿಲ್ಲ. ಅರ್ಜೆಂಟೀನಾದ ಬಿಲವಾಸಿ ದಂಶಕ ಟುಕೊ-ಟುಕೊಗಳಲ್ಲಿ, ಬಿಲ ಹಂಚಿಕೊಳ್ಳುವ ಪ್ರಭೇದದ ಒಟ್ಟು ವಂಶವಾಹಿ ವೈವಿಧ್ಯ ತೀರಾ ಕಡಿಮೆಯಿದ್ದರೂ, ರೋಗಾಣುಗಳನ್ನು ಗುರುತಿಸಲು ನೆರವಾಗುವ ಎಂಎಚ್‌ಸಿ ವಂಶವಾಹಿಗಳ ಮೇಲೆ ನೈಸರ್ಗಿಕ ಆಯ್ಕೆಯ ಒತ್ತಡ ಒಂಟಿ ಪ್ರಭೇದಕ್ಕಿಂತ ಬಲವಾಗಿ ಕಂಡಿದೆ. ಎರಡೇ ಪ್ರಭೇದಗಳ ಹೋಲಿಕೆಯಿಂದ ದೊಡ್ಡ ತೀರ್ಮಾನಕ್ಕೆ ಬರುವುದು ಮಾತ್ರ ಸರಿಯಲ್ಲ.

ತುಡುವೆ ಸಾಕುವವ:
ಹಾಗಾದರೆ ರೋಗ ತಡೆದುಕೊಂಡ ಒಂದೇ ಜೇನುಕುಟುಂಬದಿಂದ ಎಲ್ಲ ಪೆಟ್ಟಿಗೆಗಳನ್ನೂ ಪಾಲು ಮಾಡುವುದು ಸರಿಯಲ್ಲವೇ?

ಉತ್ತರ 1 – ಕೀಟಶಾಸ್ತ್ರದ ವಿದ್ಯಾರ್ಥಿ:
ನಾನಾದರೆ ಹಾಗೆ ಮಾಡುವುದಿಲ್ಲ. ರಾಣಿ ಆಕಾಶದಲ್ಲಿ ಎಷ್ಟೇ ಗಂಡುಗಳನ್ನು ಕೂಡಿದರೂ, ಆಸುಪಾಸಿನ ಗಂಡುಗಳೆಲ್ಲ ಒಂದೇ ಕುಟುಂಬದವಾದರೆ ಗೂಡಿಗೆ ಹೆಚ್ಚು ವೈವಿಧ್ಯ ಬರುವುದಿಲ್ಲ. ಬದುಕುಳಿದ ಹಲವು ಕುಟುಂಬಗಳಿಂದ ರಾಣಿಗಳನ್ನು ಬೆಳೆಸಿ, ಕಾಡಿನ ಪೊಟರೆಗಳಲ್ಲಿರುವ ತುಡುವೆಗಳನ್ನು ಹಾಗೆಯೇ ಬಿಡಿ.